ಚಿಂತಾಮಣಿಯ ಪಂಪು, ಮೂವತ್ತಾರು ನಾಟ್

ನಿವೃತ್ತ ಎಂದರೆ ತಲೆ ನರೆತಿರಬೇಕು, ಹೆಗಲಿಗೆ ಶಾಲು ಬಿದ್ದಿರಬೇಕು, ಕೈಯಲ್ಲಿ ಹಣ್ಣಿನ ಬುಟ್ಟಿ ಇರಬೇಕು. ನನಗೆ ಮೂವತ್ತೇಳು. ತಲೆಯಲ್ಲಿ ಉಳಿದಿರುವಷ್ಟು ಕೂದಲು ಕಪ್ಪಗೇ ಇದೆ. ಶಾಲು ಯಾರೂ ಹೊದಿಸಲಿಲ್ಲ. ಚಿಕ್ಕಬಳ್ಳಾಪುರದ ಕಿವಿ ಡಾಕ್ಟರು ನನ್ನ ಎಡಗಿವಿ ಕೇಳುವ ಶಕ್ತಿಯ ಗೆರೆ ಎಲ್ಲಿಂದ ಎಲ್ಲಿಗೆ ಇಳಿದಿದೆ ಎಂದು ಕಾಗದದಲ್ಲಿ ತೋರಿಸಿ, ಇನ್ನೆರಡು ವರ್ಷ ಎಂಜಿನ್ ಪಕ್ಕ ನಿಂತರೆ ಹೆಂಡತಿ ಬೈದರೂ ಕೇಳಿಸುವುದಿಲ್ಲ ಎಂದರು. ಅದೇನು ಅಂಥ ನಷ್ಟವಲ್ಲ ಸಾರ್ ಎಂದೆ. ಪಕ್ಕದಲ್ಲೇ ಕೂತಿದ್ದ ನನ್ನ ಹೆಂಡತಿ ಬಲಗಿವಿಗೆ ಸರಿಯಾಗಿ ಕೇಳಿಸುವಂತೆ ಏನೋ ಅಂದಳು. ಅದನ್ನು ಇಲ್ಲಿ ಬರೆಯುವಂತಿಲ್ಲ. ಹದಿನೇಳು ವರ್ಷದ ಕೆಲಸ ಆ ಕುರ್ಚಿಯ ಮೇಲೆ ಮುಗಿಯಿತು.

ಈಗ ಮಂಡಿಕಲ್‌ನಲ್ಲಿ ಟ್ರಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದೇನೆ. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದುವ ಹುಡುಗರು ಫಿಲ್ಟರ್ ಕೊಳ್ಳುವ ನೆಪದಲ್ಲಿ ಬಂದು ನಿಲ್ಲುತ್ತಾರೆ. ಅವರದು ಒಂದೇ ಪ್ರಶ್ನೆ. ಸಮುದ್ರದಲ್ಲಿ ಓಡುವ ಸ್ಪೀಡ್ ಬೋಟುಗಳ ಡೀಸೆಲ್ ಎಂಜಿನ್ನಿಗೆ ವೇಗ ಹೆಚ್ಚಿಸುವ ಕೆಲಸವನ್ನು ನಾನು ಚಿಂತಾಮಣಿಯಲ್ಲಿ ಕೂತು ಮಾಡುತ್ತಿದ್ದೆನಂತೆ, ಅದು ನಿಜವೋ, ಇಲ್ಲ ಎಂದಿನಂತೆ ನನ್ನ ಮಿಮಿಕ್ರಿಯೋ? ನಿಜ ಕಣ್ರಪ್ಪ. ಹೇಳಿದರೆ ನಂಬುವುದಿಲ್ಲವೆಂದು ಬರೆಯುತ್ತಿದ್ದೇನೆ. ಬರೆದದ್ದನ್ನು ಜನ ಸ್ವಲ್ಪ ನಂಬುತ್ತಾರೆ.

ಚಿಂತಾಮಣಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಟೊಮೆಟೊ ಕ್ರೇಟುಗಳ ಗೋಡೆಯನ್ನು ದಾಟಿದರೆ ವೆಂಕಟರವಣಪ್ಪನವರ ಪಂಪ್ ಶಾಪು. ಬೋರ್‌ವೆಲ್ ಪಂಪಿನದಲ್ಲ, ಡೀಸೆಲ್ ಪಂಪಿನದು. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು. ಡೀಸೆಲ್ಲಿಗೆ ಕಿಡಿ ಬೇಡ. ಸರಿಯಾದ ಗಳಿಗೆಯಲ್ಲಿ, ಸರಿಯಾದ ಅಳತೆಯಲ್ಲಿ, ಭಾರೀ ಒತ್ತಡದಲ್ಲಿ ಒಂದು ಹನಿ ಒಳಗೆ ಬಿದ್ದರೆ ತಾನೇ ಹೊತ್ತಿಕೊಳ್ಳುತ್ತದೆ. ಆ ಹನಿ ಕೊಡುವುದು ಪಂಪು, ಅದನ್ನು ಮಂಜಿನಂತೆ ಒಡೆಯುವುದು ನಾಜಲ್. ಮದುವೆ ಮನೆಯಲ್ಲಿ ಬಡಿಸುವವನನ್ನು ನೋಡಿದ್ದೀರಲ್ಲ, ಪಂಕ್ತಿಯ ಮೊದಲ ಎಲೆಗೆ ಮೂರು ಹೋಳಿಗೆ ಹಾಕಿ ಕೊನೆಯ ಎಲೆಗೆ ಅರ್ಧ ಹಾಕಿದರೆ ಜಗಳವಾಗುತ್ತದೆ. ಎಂಜಿನ್ನಿನೊಳಗೂ ಅದೇ ಜಗಳ. ಅದಕ್ಕೇ ಶಾಪಿನಲ್ಲಿ ಪಂಪನ್ನು ಬೆಂಚು ಎಂಬ ಮೇಜಿಗೆ ಬಿಗಿದು ತಿರುಗಿಸುತ್ತಾರೆ. ಎದುರಿಗೆ ಆರು ಗಾಜಿನ ಕೊಳವೆ. ಆರರಲ್ಲೂ ಡೀಸೆಲ್ ಒಂದೇ ಗೆರೆಗೆ ಬಂದು ನಿಲ್ಲಬೇಕು.

ವೆಂಕಟರವಣಪ್ಪನವರನ್ನು ನಾವೆಲ್ಲ ಮೇಸ್ತ್ರಿ ಎನ್ನುತ್ತಿದ್ದೆವು. ಬಿಳಿ ಪಂಚೆ, ಅದರ ಮೇಲೆ ಖಾಕಿ ಅಂಗಿ. ಕುಕ್ಕರಗಾಲಲ್ಲಿ ಕೂತು ಕಣ್ಣನ್ನು ಕೊಳವೆಯ ಮಟ್ಟಕ್ಕೆ ತಂದು ನೋಡುವರು. ನಮ್ಮ ಜೊತೆ ಕನ್ನಡ, ಪಂಪಿನ ಜೊತೆ ತೆಲುಗು. ನಾಲ್ಕನೇ ಕೊಳವೆ ಹಿಂದೆ ಬಿದ್ದರೆ, "ರಾ ನಾಯನಾ, ರಾ ರಾ" ಎಂದು ಕರೆಯುವರು. ಸ್ಕ್ರೂ ಕಾಲು ಸುತ್ತು ತಿರುಗುತ್ತಿತ್ತು, ನಾಲ್ಕನೆಯದು ಬಂದು ಉಳಿದವುಗಳ ಸಾಲಿಗೆ ನಿಲ್ಲುತ್ತಿತ್ತು. ನಾನು ಎಷ್ಟೋ ತಿಂಗಳು ಅದು ತೆಲುಗಿನ ಶಕ್ತಿ ಎಂದುಕೊಂಡಿದ್ದೆ. ಅವರಿಲ್ಲದಾಗ ನಾನೂ ಅದೇ ದನಿಯಲ್ಲಿ ಕರೆದು ನೋಡಿದೆ. ಪಂಪು ಬರಲಿಲ್ಲ. ಹಿಂದೆ ನಿಂತಿದ್ದ ಮೇಸ್ತ್ರಿ ಮಾತ್ರ ಬಂದರು.

"ನನ್ ಹಂಗೇ ಮಾತಾಡ್ತೀಯ ಲೋಕಪ್ಪ. ನನ್ ಹಂಗೆ ಕೆಲ್ಸ ಮಾಡೋದು ಯಾವಾಗಪ್ಪ?"

ನನ್ನ ಹೆಸರು ಲೋಕೇಶ. ಅವರ ಬಾಯಲ್ಲಿ ಮೂರು ವರ್ಷದ ಕೂಸಿಗೂ ಒಂದು ಅಪ್ಪ ಸೇರುತ್ತಿತ್ತು.

ಮೊದಲ ಪಾಠ ನಾಜಲಿನದು. ಕೈಪಂಪಿನಲ್ಲಿ ಒತ್ತಿದಾಗ ಅದು ಒಳ್ಳೆಯದಾದರೆ ಜೀರುಂಡೆಯಂತೆ 'ಕಿರ್ರ್' ಎನ್ನುತ್ತದೆ, ಕೆಟ್ಟದ್ದು ನೆಗಡಿಯಾದವನಂತೆ 'ಪುಸ್' ಎನ್ನುತ್ತದೆ. ನಾನು ಎರಡನ್ನೂ ಬಾಯಲ್ಲಿ ಮಾಡಿ ತೋರಿಸುತ್ತಿದ್ದೆ. ಆದರೆ ಆ ಮಂಜಿಗೆ ಬೆರಳು ಒಡ್ಡಬೇಡಿ. ನೋಡಲು ಅಗರಬತ್ತಿಯ ಹೊಗೆಯಷ್ಟು ಮೆತ್ತಗೆ, ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗುತ್ತದೆ. ಕಿವಿಗೆ ಬಿರಡೆ ಹಾಕಿಕೊಳ್ಳಿ. ನಾನು ಹಾಕಿಕೊಳ್ಳಲಿಲ್ಲ, ಹಾಕಿದರೆ ಎಂಜಿನ್ನಿನ ದನಿ ಕಲಿಯುವುದು ಹೇಗೆ ಎಂಬ ಕೊಬ್ಬು. ಈಗಲೂ ಕೆಲವು ಎಂಜಿನ್ನುಗಳನ್ನು ಬಾಯಲ್ಲಿ ಮಾಡಬಲ್ಲೆ, ಎದುರಿಗೆ ಓಡಿದರೆ ಪೂರ್ತಿ ಕೇಳಿಸಿಕೊಳ್ಳಲಾರೆ. ಹೆಮ್ಮೆಪಡುವ ವಿಷಯವಲ್ಲ.

ಎರಡನೆಯ ಪಾಠ ಸೀಲಿನದು. ಹೆಚ್ಚೆಂದರೆ ಎಷ್ಟು ಡೀಸೆಲ್ ಹೋಗಬೇಕು ಎಂಬುದಕ್ಕೆ ಪಂಪಿನಲ್ಲೊಂದು ಸ್ಕ್ರೂ ಇರುತ್ತದೆ. ಕೆಲಸ ಮುಗಿದ ಮೇಲೆ ಮೇಸ್ತ್ರಿ ಅದರ ತಲೆಯೊಳಗಿಂದ ಸಣ್ಣ ತಂತಿ ಪೋಣಿಸಿ, ತುದಿಗೆ ಸೀಸದ ಗುಂಡು ಹಾಕಿ, ಇಕ್ಕಳದಲ್ಲಿ ಒತ್ತುವರು. ಗುಂಡಿನ ಮೇಲೆ 'ವೆಂ' ಎಂದು ಮೂಡುತ್ತಿತ್ತು. ಈ ಎಂಜಿನ್ನಿಗೆ ದಕ್ಕುವಷ್ಟನ್ನೂ ಕೊಟ್ಟಿದ್ದೇನೆ, ಇದರ ಮೇಲೆ ಕೊಟ್ಟರೆ ಎಂಜಿನ್ ಉಳಿಯುವುದಿಲ್ಲ ಎಂದು ಅದರರ್ಥ. ಆ ಗುಂಡನ್ನು ಅವರು ತಾವೇ ಒಡೆದು ಡೀಸೆಲ್ ಏರಿಸಿದ್ದನ್ನು ಯಾರೂ ಕಂಡಿಲ್ಲ.

ನಾನು ಒಡೆದೆ. ಮಂಚೇನಹಳ್ಳಿಯಿಂದ ನರಸಿಂಹರೆಡ್ಡಿ ಎಂಬ ಟ್ರಾಕ್ಟರ್ ಮಾಲೀಕರು ಬರುತ್ತಿದ್ದರು. ಪಕ್ಕದ ತೋಟದವನ ಟ್ರಾಕ್ಟರ್ ತಮ್ಮದಕ್ಕಿಂತ ಜೋರು ಎಂಬ ಸಂಕಟ ಅವರಿಗೆ. ಮೇಸ್ತ್ರಿ ಊಟಕ್ಕೆ ಹೋದಾಗ ನನ್ನನ್ನು ಹೊಗಳಿದರು. ನನ್ನನ್ನು ಹೊಗಳಿದರೆ ಏನು ಬೇಕಾದರೂ ಮಾಡುತ್ತಿದ್ದೆ. ಸೀಲು ಒಡೆದು, ಸ್ಕ್ರೂ ತಿರುಗಿಸಿ, ಮೇಸ್ತ್ರಿಯ ಇಕ್ಕಳದಲ್ಲೇ ಮತ್ತೆ 'ವೆಂ' ಒತ್ತಿ ಕೊಟ್ಟೆ. ರೆಡ್ಡಿಯವರು ಕಪ್ಪು ಹೊಗೆ ಬಿಡುತ್ತ ಮಹಾರಾಜರಂತೆ ಹೋದರು. ತಿಂಗಳೊಳಗೆ ಎಂಜಿನ್ ಸತ್ತು ಬಂತು. ಬಿಚ್ಚಿದರೆ ಪಿಸ್ಟನ್ನಿನ ನೆತ್ತಿಯಲ್ಲಿ ಹೆಬ್ಬೆರಳು ತೂರುವ ತೂತು.

ಮೇಸ್ತ್ರಿ ಬೈಯಲಿಲ್ಲ. ಪಿಸ್ಟನ್ನನ್ನು ಒರೆಸಿ ನನ್ನ ಊಟದ ಡಬ್ಬಿಯ ಪಕ್ಕದಲ್ಲಿಟ್ಟು, "ಇದಕ್ಕೆ ನನ್ ಹೆಸ್ರಿತ್ತಲ್ಲಪ್ಪ" ಎಂದರು. ರೆಡ್ಡಿಯವರಿಗೆ ತಪ್ಪು ನಮ್ಮದೆಂದು ಹೇಳಿ ಎಂಟು ದಿನ ಕೂತು ಎಂಜಿನ್ ತಾವೇ ಕಟ್ಟಿಕೊಟ್ಟರು. ಆ ಎಂಟು ದಿನ ಮಿಮಿಕ್ರಿ ಬಂದ್ ಆಗಿತ್ತು.

ಬೋಟು ನಮ್ಮ ಬದುಕಿಗೆ ಬಂದದ್ದು ಟೊಮೆಟೊ ಲಾರಿಯಲ್ಲಿ. ನಮ್ಮ ಮಾರ್ಕೆಟ್ಟಿನಿಂದ ಕರಾವಳಿಗೆ ಹೋಗುವ ಒಬ್ಬ ಡ್ರೈವರು, ಅಲ್ಲಿ ಬೋಟ್ ಕಟ್ಟುವ ಯಾರ್ಡಿನವರು ಒಳ್ಳೆಯ ಪಂಪ್ ಮೇಸ್ತ್ರಿ ಸಿಗದೆ ಒದ್ದಾಡುವುದನ್ನು ಕೇಳಿ, ಗೋಣಿಯಲ್ಲಿ ಸುತ್ತಿದ ಒಂದು ಪಂಪನ್ನು ಖಾಲಿ ಕ್ರೇಟುಗಳ ನಡುವೆ ಇಟ್ಟು ತಂದ. ಅದು ಸರಿಹೋಯಿತು. ಆಮೇಲೆ ಹೋಗುವಾಗ ಟೊಮೆಟೊ, ಬರುವಾಗ ಪಂಪು. ಯಾರ್ಡಿನ ಒಡತಿ ಐರಿನ್ ಮೇಡಂ; ಬೋಟಿನ ನಕ್ಷೆ ತಾವೇ ಬರೆಯುವವರು. ಅವರ ಕನ್ನಡ ಪಾಠಪುಸ್ತಕದಷ್ಟು ಶುದ್ಧ. ಫೋನಿನಲ್ಲಿ "ಪಂಪು ಸುರಕ್ಷಿತವಾಗಿ ತಲುಪಿದೆ" ಎಂದರೆ ನಾನು ಅದೇ ದನಿಯಲ್ಲಿ "ಬಹಳ ಸಂತೋಷವಾಯಿತು" ಎನ್ನುತ್ತಿದ್ದೆ. ಎರಡು ವರ್ಷ ಅವರಿಗೆ ಅದು ಅಣಕವೆಂದು ಗೊತ್ತಾಗಲಿಲ್ಲ. ಗೊತ್ತಾದ ದಿನ ನನ್ನ ದನಿಯಲ್ಲಿ ನನ್ನನ್ನೇ ಬೈದರು, ಚೆನ್ನಾಗಿಯೇ ಬೈದರು.

ಕೆಲಸ ಹೆಚ್ಚಿದಾಗ ಬಿಚ್ಚಿ ಜೋಡಿಸಲು ನಾನು ಅಲ್ಲಿಗೆ ಹೋಗತೊಡಗಿದೆ. ಮೇಸ್ತ್ರಿ ಹೋಗಲಿಲ್ಲ. ಅರವತ್ತು ದಾಟಿದ್ದ ಅವರು ಸಮುದ್ರ ನೋಡಿರಲಿಲ್ಲ, ನೋಡುವ ಆತುರವೂ ಇರಲಿಲ್ಲ. ಅಲ್ಲಿ ಬೆಂಚಿಲ್ಲವಲ್ಲ, ಬಂದು ಏನು ಮಾಡಲಿ ಎನ್ನುವರು.

ಬೋಟಿನ ವೇಗವನ್ನು ನಾಟ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಮೂವತ್ತಾರು ನಾಟ್ ಎಂದರೆ ಗಂಟೆಗೆ ಅರವತ್ತೇಳು ಕಿಲೋಮೀಟರು. ಮೊದಲ ಸಲ ಕೇಳಿ ನಕ್ಕಿದ್ದೆ. ಶಿಡ್ಲಘಟ್ಟದ ಪ್ರೈವೇಟ್ ಬಸ್ಸು ರೇಷ್ಮೆಗೂಡಿನ ಮೂಟೆ ಹೊತ್ತುಕೊಂಡೇ ಅಷ್ಟು ಓಡುತ್ತದೆ. ಹಾಗೆಂದು ಮೇಡಂಗೂ ಹೇಳಿದೆ. ಅವರು ನನ್ನನ್ನು ಒಂದು ಬೋಟಿಗೆ ಹತ್ತಿಸಿ ಕಳಿಸಿದರು.

ಅಂದು ನಾನು ಕಂಡದ್ದನ್ನು ಹುಡುಗರಿಗೆ ಬಾಯಲ್ಲಿ ಮಾಡಿ ತೋರಿಸಲು ಇವತ್ತಿಗೂ ಆಗಿಲ್ಲ. ನದಿ ಸಮುದ್ರ ಸೇರುವ ಅಳಿವೆ ದಾಟುವವರೆಗೆ ಬೋಟು ಎಮ್ಮೆಯಂತೆ ನೀರನ್ನು ಎದೆಯಿಂದ ತಳ್ಳುತ್ತಿತ್ತು. ಆಮೇಲೆ ಎರಡೂ ಎಂಜಿನ್ನಿನ ದನಿ ಒಂದಾಯಿತು, ಮೂತಿ ಮೇಲೆದ್ದಿತು, ಮತ್ತೆ ಇಳಿಯಿತು. ಒಂಬತ್ತು ಟನ್ನಿನ ಆ ಬೋಟು ನೀರಿನಿಂದ ಎದ್ದು ನೀರಿನ ಮೇಲೆ ಕೂತಿತು. ಅಲೆಗಳು ಕಲ್ಲಿನಷ್ಟು ಗಟ್ಟಿಯಾದವು. ಪ್ರತಿ ಅಲೆಯೂ ಬೆನ್ನುಮೂಳೆಯಲ್ಲಿ ತನ್ನ ಲೆಕ್ಕ ಹೇಳಿ ಹೋಗುತ್ತಿತ್ತು. ಹಿಂದೆ ಬಿಳಿ ನೊರೆಯ ದಾರಿ, ನಮ್ಮ ಹೆದ್ದಾರಿಗಿಂತ ಅಗಲ, ನಾವು ಹಾಕುತ್ತಿದ್ದಂತೆಯೇ ಅಳಿಸಿಹೋಗುತ್ತಿತ್ತು. ಇಷ್ಟೆಲ್ಲ ಚಿಂತಾಮಣಿಯ ಒಂದು ಸ್ಕ್ರೂವಿನಿಂದ ಎಂದುಕೊಂಡೆ. ದಡಕ್ಕೆ ಬಂದ ಮೇಲೆ ಮೇಡಂ ಬಸ್ಸಿನ ವಿಷಯ ಏನಾಯಿತು ಎಂದು ಕೇಳಿದರು. ನಾನು ಬಕೆಟ್ ಹುಡುಕುತ್ತಿದ್ದೆ.

ಕೊನೆಕೊನೆಗೆ ಈ ಕೆಲಸ ಬಹಳ ಬದಲಾಯಿತು. ಹೊಸ ಎಂಜಿನ್ನಿನಲ್ಲಿ ಎಲ್ಲವನ್ನೂ ಒಂದು ಕಪ್ಪು ಡಬ್ಬಿ ನೋಡಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಚುಚ್ಚಿದರೆ ಯಾವ ಸಿಲಿಂಡರಿಗೆ ಎಷ್ಟು ಹೋಯಿತೆಂದು ಪರದೆಯ ಮೇಲೆ ಬರುತ್ತದೆ. ಕೈಯೂ ಕೊಳೆಯಾಗುವುದಿಲ್ಲ. ನಾನು ಅದನ್ನೂ ಕಲಿತೆ, ನೀವೂ ಕಲಿಯಿರಿ. ಹಳೆಯದೇ ಚೆಂದ ಎನ್ನುವವರ ಮಾತು ಕೇಳಬೇಡಿ. ಆದರೆ ಈಗ ಹೇಳುವುದು ಹಳೆಯ ಪಂಪಿನ ಕೊನೆಯ ದೊಡ್ಡ ಪರೀಕ್ಷೆಯ ಕಥೆ.

ಬಿರುಗಾಳಿಯಲ್ಲಿ ಸಿಕ್ಕಿಬಿದ್ದ ಮೀನುಗಾರರನ್ನು ಕರೆತರಲು ಒಂದು ಸಂಘದವರು ರಕ್ಷಣಾ ಬೋಟು ಕಟ್ಟಿಸಿದರು. ಸಮುದ್ರದ ನಡುವೆ ಕೆಟ್ಟರೆ ಸ್ಪ್ಯಾನರ್ ಹಿಡಿದವನು ರಿಪೇರಿ ಮಾಡುವಂತಿರಬೇಕೆಂದು ಕಪ್ಪು ಡಬ್ಬಿ ಇಲ್ಲದ ಎರಡು ಆರು ಸಿಲಿಂಡರಿನ ಎಂಜಿನ್ನುಗಳನ್ನೇ ಕೂರಿಸಿದರು. ಮುಳುಗುವವನಿಗೆ ಪ್ರತಿ ನಿಮಿಷವೂ ಬೆಲೆ, ಆದ್ದರಿಂದ ಮೂವತ್ತಾರು ನಾಟ್ ಓಡಲೇಬೇಕು; ಹೋಗುವ ಬರುವ ಎರಡು ಓಟದ ಸರಾಸರಿ. ಮೂರು ಸಲ ಪರೀಕ್ಷೆ. ಮೂರರಲ್ಲೂ ಬಾರದಿದ್ದರೆ ಎರಡೂ ಎಂಜಿನ್ ಕಿತ್ತು, ಹೊರದೇಶದ ಹೊಸ ಎಂಜಿನ್ನುಗಳನ್ನು ಕೂರಿಸುವುದೆಂದು ಒಪ್ಪಂದ. ಐರಿನ್ ಮೇಡಂ ಸಹಿ ಮಾಡುವ ಮುಂಚೆ ಮೇಸ್ತ್ರಿಯನ್ನು ಕೇಳಿದ್ದರು. ಈ ಎಂಜಿನ್ನಿಗೆ ಆ ಶಕ್ತಿ ಐತೆ ಎಂದು ಮೇಸ್ತ್ರಿ ಮಾತು ಕೊಟ್ಟಿದ್ದರು. ನಲವತ್ತು ವರ್ಷದ ಅನುಭವದ ಮಾತು ಅದು.

ಪಂಪುಗಳು ಬೆಂಚಿಗೆ ಬಂದಾಗ ಅವರು ಎಂದಿಗಿಂತ ಸ್ವಲ್ಪ ಹೆಚ್ಚು ಡೀಸೆಲ್ಲಿಗೆ ಸ್ಕ್ರೂ ಕೂರಿಸಿದರು. ನಾನು ಗಾಬರಿಯಿಂದ ನೋಡಿದೆ. ಕಡಪದ ಕಡೆಯ ಬಯಲಿನಿಂದ ಬರುವ ಲಾರಿ ಕೆಳಗೆ ಹೊಗೆ ಬಿಡುವುದಿಲ್ಲ, ಘಾಟಿ ಹತ್ತಿ ನಮ್ಮೂರಿಗೆ ಬಂದರೆ ಬಿಡುತ್ತದೆ. ನಮ್ಮ ಎತ್ತರದಲ್ಲಿ ಗಾಳಿ ತೆಳು, ಸಮುದ್ರದ ಮಟ್ಟದಲ್ಲಿ ದಪ್ಪ. ಅಲ್ಲಿ ಇಷ್ಟು ಡೀಸೆಲ್ ಸುಟ್ಟು ದಕ್ಕುತ್ತದೆ ಎಂದು ವಿವರಿಸಿದರು. ಯಾವ ಪುಸ್ತಕವನ್ನೂ ತೆರೆದಿರಲಿಲ್ಲ. ಬೈಪಾಸಿನಲ್ಲಿ ನಿಂತು ಲಾರಿಗಳ ಹೊಗೆ ನೋಡಿ ಕಲಿತದ್ದು. 'ವೆಂ' ಒತ್ತಿದರು.

ಮೊದಲ ಪರೀಕ್ಷೆಯಲ್ಲಿ ಬಂದದ್ದು ಮೂವತ್ತೆರಡು. ಕಪ್ಪು ಹೊಗೆ ಬೇರೆ. ಎಂಜಿನ್ ನಿಮಿಷಕ್ಕೆ ಎರಡು ಸಾವಿರದ ಮುನ್ನೂರು ಸುತ್ತು ತಿರುಗಬೇಕಿತ್ತು, ಇನ್ನೂರು ಕಡಿಮೆ ತಿರುಗಿತು. ಹೊಗೆ ನೋಡಿದ ಸಂಘದ ಪರೀಕ್ಷಕರು ಪಂಪು ಸರಿಯಿಲ್ಲ ಎಂದು ಬರೆದುಕೊಂಡರು.

ನಾನು ಮೇಸ್ತ್ರಿಗೆ ಫೋನ್ ಮಾಡಿ ಎಂಜಿನ್ ಪಕ್ಕ ಹಿಡಿದೆ. ಇವತ್ತಿನ ಫೋನುಗಳು ಮಾತನ್ನು ಉಳಿಸಿ ಗದ್ದಲವನ್ನು ಅಳಿಸುತ್ತವೆ. ಅವರಿಗೆ ಕೇಳಿಸಿದ್ದು ನನ್ನ ಉಸಿರಾಟ ಮಾತ್ರ. "ನೀನೇ ಮಾಡಪ್ಪ" ಎಂದರು. ಹಾಗಾಗಿ ಬೋಟು ಕಟ್ಟುವ ಜೆಟ್ಟಿಯ ತುದಿಗೆ ಹೋಗಿ ನಿಂತು, ಲಿವರ್ ತಳ್ಳಿದಾಗಿನಿಂದ ಹೊಗೆ ಬರುವವರೆಗಿನ ಪೂರ್ತಿ ಎಂಜಿನ್ನನ್ನು ಬಾಯಲ್ಲಿ ಮಾಡಿದೆ. ಮೀನು ವಿಂಗಡಿಸುತ್ತಿದ್ದ ಹೆಂಗಸರು ಬುಟ್ಟಿ ಎತ್ತಿಕೊಂಡು ದೂರ ಸರಿದರು. ಮೇಸ್ತ್ರಿ ಇನ್ನೊಂದು ಸಲ ಮಾಡಿಸಿದರು, ಕೊನೆಯ ಭಾಗ ಮಾತ್ರ ಮೂರನೆಯ ಸಲ.

"ಮೂರನೇ ಗೇರಲ್ಲಿ ದೊಡ್ಡ ನೇಗಿಲು ಎಳೀತಾ ಐತೆ ಕಣಪ್ಪ. ಗೇರು ಇಳಿಸ್ಬೇಕು."

ಬೋಟಿಗೆ ಗೇರೆಲ್ಲಿ ಎಂದೆ.

"ನೀರು ತಳ್ಳೋ ರೆಕ್ಕೆ ಐತಲ್ಲ, ಅದೇ ಗೇರು. ಅದರ ಓರೆ ಜಾಸ್ತಿ ಆಯ್ತು ಅಂತ ಮೇಡಮ್‌ಗೆ ಹೇಳು."

ಮೇಡಂ ಕೂತು ಲೆಕ್ಕ ಹಾಕಿದರು, ಕಾಗದ ತಿರುಗಿಸಿ ಮತ್ತೆ ಹಾಕಿದರು. ಪ್ರೊಪೆಲ್ಲರಿನ ಓರೆ ಒಂದೂವರೆ ಇಂಚು ಕಡಿಮೆ ಇರಬೇಕಿತ್ತು. ಸಮುದ್ರವನ್ನೇ ನೋಡದವರು ಇನ್ನೂರು ಮೈಲಿ ಆಚೆ ಕೂತು, ನನ್ನಂಥವನ ಗಂಟಲಿನ ಮೂಲಕ ನೀರಿನಡಿಯ ರೆಕ್ಕೆಯನ್ನು ನೋಡಿದ್ದರು. ಮೇಡಂ ಪೆನ್ನು ಕೆಳಗಿಟ್ಟದ್ದು ನೆನಪಿದೆ. ನನಗೂ ತಮಾಷೆ ಮಾಡಬೇಕೆನಿಸಲಿಲ್ಲ.

ಹೊಸ ಪ್ರೊಪೆಲ್ಲರ್ ಹಾಕಿದ ಮೇಲೆ ಎರಡನೇ ಪರೀಕ್ಷೆ. ಹೊಗೆ ಹೋಯಿತು. ವೇಗ ಮೂವತ್ತನಾಲ್ಕು ಪಾಯಿಂಟ್ ಒಂಬತ್ತು. ಎಂಜಿನ್ ಇನ್ನೂ ನಲವತ್ತು ಸುತ್ತು ಹಿಂದಿತ್ತು. ಬೋಟಿನ ಅಡಿ ಉಜ್ಜಿದೆವು, ಗಾಳಿಯ ದಾರಿ ನೋಡಿದೆವು, ಗಾಳಿ ಊದುವ ಟರ್ಬೊ ನೋಡಿದೆವು, ನಾಜಲ್ ಹನ್ನೆರಡನ್ನೂ ಬಿಚ್ಚಿ ಕಿರ್ರ್ ಅನ್ನಿಸಿದೆವು. ಎಲ್ಲವೂ ಸರಿ. ಒಂದೇ ಒಂದು ನಾಟ್ ಸಾಲದು, ಅದೆಲ್ಲಿ ಹೋಯಿತೆಂದು ಯಾರಿಗೂ ತಿಳಿಯದು. ಸ್ಕ್ರೂ ಸ್ವಲ್ಪ ಏರಿಸಿದರೆ ಬರುತ್ತದೆ ಎಂದು ಪರೀಕ್ಷಕರು ಸಲಹೆ ಕೊಟ್ಟರು. ಬರುತ್ತದೆ, ನಿಜ. ಎಷ್ಟು ದಿನ ಎಂಬುದು ಬೇರೆ. ಬಿರುಗಾಳಿಯಲ್ಲಿ ಹತ್ತು ಜನರನ್ನು ಹೊತ್ತು ಬರುವಾಗ ಪಿಸ್ಟನ್ನಿಗೆ ತೂತು ಬಿದ್ದರೆ?

ಮೇಸ್ತ್ರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ತಮ್ಮ ಲೆಕ್ಕವೇ ತಪ್ಪಿರಬೇಕು, ಲಾರಿ ನೋಡಿ ಸಮುದ್ರದ ಗಾಳಿ ಅಳೆದದ್ದು ತಮ್ಮ ತಪ್ಪು ಎಂದರು. ನಾನು ಸೀಲು ಒಡೆಯಲೇ ಎಂದು ಕೇಳಿದೆ.

"ಬೇಡ. ಒಡೆಯೋದಾದ್ರೆ ನಾನೇ ಬಂದು ಒಡೀತೀನಿ."

ಮೂರನೇ ಪರೀಕ್ಷೆಯ ದಿನ ಮಧ್ಯಾಹ್ನ ಟೊಮೆಟೊ ಲಾರಿ ಯಾರ್ಡಿನ ಗೇಟಿನಲ್ಲಿ ನಿಂತಿತು. ಮೇಸ್ತ್ರಿ ಇಳಿದರು. ಅದೇ ಪಂಚೆ, ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಇಕ್ಕಳ. ಎದುರಿಗೆ ಅಷ್ಟು ದೊಡ್ಡ ಸಮುದ್ರವಿತ್ತು, ಅವರು ತಲೆ ಎತ್ತಲಿಲ್ಲ. ಮೇಡಂ ಕೊಟ್ಟ ಎಳನೀರನ್ನು ಬೋಟಿನ ಅಂಚಿನಲ್ಲೇ ಇಟ್ಟು, ಏಣಿ ಹಿಡಿದು ಎಂಜಿನ್ ರೂಮಿಗೆ ಇಳಿದರು. ಹಿಂದೆ ನಾನು, ನನ್ನ ಹಿಂದೆ ಮೇಡಂ. ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಅದರೊಡನೆ ತೆಲುಗಿನಲ್ಲಿ ಒಂದು ಮಾತೂ ಆಡಲಿಲ್ಲ. ಸೀಸದ ಗುಂಡನ್ನು ಎರಡು ಬೆರಳಲ್ಲಿ ಹಿಡಿದು ಇಕ್ಕಳದ ಬಾಯಿ ತೆರೆದರು. ನನಗೆ ನೋಡಲಾಗಲಿಲ್ಲ.

ಆಗ ಮೇಲಿನಿಂದ ಮೋನಪ್ಪ ಕೂಗಿದ. ಬೋಟು ನಡೆಸುವವನನ್ನು ಅಲ್ಲಿ ತಾಂಡೇಲ ಎನ್ನುತ್ತಾರೆ, ಮೋನಪ್ಪ ನಮ್ಮ ಬೋಟಿನ ತಾಂಡೇಲ.

"ಲೋಕೇಶಣ್ಣ, ನಿಮ್ಮ ನಳ್ಳಿ ನೀರು ಬಂತು. ಪೈಪು ನಾನೇ ಹಾಕ್ಲಿಕ್ಕಾ?"

ಏಣಿಯ ಕಡೆ ತಿರುಗಿದವನು ಅಲ್ಲೇ ನಿಂತೆ.

ಬೋಟಿನ ಮೂತಿಯ ಕಡೆ, ನೆಲದಡಿಯಲ್ಲಿ, ಕಾಪಾಡಿ ತಂದವರಿಗೆ ಕುಡಿಯಲು ಸಿಹಿನೀರಿನ ಟ್ಯಾಂಕೊಂದಿತ್ತು, ಆರುನೂರು ಲೀಟರಿನದು. ಯಾರ್ಡಿನ ಜೆಟ್ಟಿಯಲ್ಲಿ ದಿನಕ್ಕೊಂದು ಹೊತ್ತು ನಲ್ಲಿ ಬರುತ್ತಿತ್ತು. ಬಂದ ನಲ್ಲಿಯನ್ನು ಸುಮ್ಮನೆ ಬಿಟ್ಟು ಹೋಗುವುದು ನಮ್ಮ ಕಡೆಯವರ ಕೈಲಾಗುತ್ತದೆಯೇ? ಮಂಡಿಕಲ್‌ನಲ್ಲಿ ನಲ್ಲಿ ಬಂತೆಂದರೆ ಬಿಂದಿಗೆ, ಡ್ರಮ್ಮು, ಕೊನೆಗೆ ಚೊಂಬು, ಲೋಟ ಕೂಡ ತುಂಬುತ್ತದೆ. ಹೆಣ ಎತ್ತುವ ಮನೆಯಲ್ಲೂ ಒಬ್ಬರು ಹೋಗಿ ಕೊಡ ಹಿಡಿಯುತ್ತಾರೆ. ಆ ಟ್ಯಾಂಕು ಖಾಲಿ ಇರುವುದನ್ನು ಕಂಡ ಮೊದಲ ದಿನದಿಂದ, ಕೈಕಾಲು ತೊಳೆದು ಎಷ್ಟು ಖರ್ಚಾಗಿದ್ದರೂ, ಅದನ್ನು ನಾನು ದಿನವೂ ಕತ್ತಿನವರೆಗೆ ತುಂಬಿಸುತ್ತಿದ್ದೆ. ಯಾರೂ ಹೇಳಿರಲಿಲ್ಲ. ತುಂಬಿಸುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ; ಉಗುರು ಕಚ್ಚುವವನಿಗೆ ಗೊತ್ತಿರುತ್ತದೆಯೇ, ಹಾಗೆ. ಪರೀಕ್ಷೆಗೆ ಡೀಸೆಲ್ ಎಷ್ಟು, ಜನ ಎಷ್ಟು, ನೀರು ಎಷ್ಟು ಎಂದು ಬರೆದ ಹಾಳೆಯೊಂದು ಯಾರ್ಡಿನ ಗೋಡೆಯ ಮೇಲಿತ್ತು. ನೀರು ಐವತ್ತು ಲೀಟರು. ಆ ಹಾಳೆಯ ಪಕ್ಕದಲ್ಲಿ ಮೇಡಂರ ನಡಿಗೆಯನ್ನು ಅಣಕಿಸಿದ್ದಕ್ಕೆ ಲೆಕ್ಕವಿಲ್ಲ, ಒಮ್ಮೆಯೂ ಮುಂದೆ ನಿಂತು ಓದಿರಲಿಲ್ಲ.

"ಮೇಸ್ತ್ರಿ, ನಿಲ್ಸಿ" ಎಂದೆ. ದನಿ ನನ್ನದೇ ಬಂತು. ನನ್ನ ಸ್ವಂತ ದನಿ ಇಷ್ಟು ಸಣ್ಣದೆಂದು ಅಂದೇ ತಿಳಿದದ್ದು. ತಡೆತಡೆದು ಎಲ್ಲವನ್ನೂ ಹೇಳಿದೆ. ಮೇಡಂ ಕಣ್ಣು ಮುಚ್ಚಿಕೊಂಡರು. ಎರಡು ಪರೀಕ್ಷೆಯಲ್ಲೂ ಐದೂವರೆ ಕ್ವಿಂಟಾಲ್ ಬೇಡದ ಭಾರ. ಎರಡು ವಾರ ಹದಿನೈದು ಜನ ಎಂಜಿನ್ ಬಿಚ್ಚಿದ್ದರು, ನಾನೇ ಮುಂದೆ ನಿಂತು ಬಿಚ್ಚಿಸಿದ್ದೆ. ಪ್ರೊಪೆಲ್ಲರಿನ ತಪ್ಪು ನಿಜವಾದದ್ದು. ಆಮೇಲೆ ಕಾಣೆಯಾಗಿದ್ದ ಒಂದು ನಾಟ್ ಮಾತ್ರ ನಾನು.

ಮೇಡಂ ತಮ್ಮ ಶುದ್ಧ ಕನ್ನಡದಲ್ಲಿ ಬಹಳ ನಿಧಾನವಾಗಿ, ಯಾಕೆ ಎಂದು ಮಾತ್ರ ಕೇಳಿದರು.

"ನಲ್ಲಿ ಬಂದಿತ್ತು ಮೇಡಂ."

ಅವರಿಗೆ ಅರ್ಥವಾಗಲಿಲ್ಲ. ಮೇಸ್ತ್ರಿಗೆ ಆಯಿತು. ಇಕ್ಕಳವನ್ನು ಚೀಲಕ್ಕೆ ಹಾಕಿದರು.

"ನಮ್ ಕಡೆಯೋನು ಮೇಡಮ್ಮ. ನಾನಿದ್ದಿದ್ರೂ ತುಂಬಿಸ್ತಿದ್ದೆ."

ನನ್ನ ಹದಿನೇಳು ವರ್ಷದಲ್ಲಿ ಏನಾದರೂ ನನ್ನನ್ನು ಉಳಿಸಿದ್ದರೆ ಅದು ಆ ಒಂದು ಮಾತು. ಹುಡುಗರೇ, ತಪ್ಪು ಮಾಡದ ಮೆಕ್ಯಾನಿಕ್ ಇಲ್ಲ. ಆದರೆ ಇಕ್ಕಳ ತೆರೆದಿರುವಾಗಲೇ ಬಾಯಿ ಬಿಡಿ, ಮುಚ್ಚಿದ ಮೇಲೆ ಬಿಟ್ಟು ಪ್ರಯೋಜನವಿಲ್ಲ. ಇನ್ನೊಂದು, ವೇಗ ಕಡಿಮೆಯಾದರೆ ಮೊದಲು ಎಂಜಿನ್ ಬಿಚ್ಚಬೇಡಿ. ಬೋಟಿನಲ್ಲಿ ಏನಿದೆ ನೋಡಿ.

ಟ್ಯಾಂಕಿಗೆ ಮೋಟಾರು ಹಚ್ಚಿ ನೀರನ್ನು ಹೊರಗೆ ಬಿಟ್ಟೆವು. ಅಷ್ಟು ಒಳ್ಳೆಯ ಸಿಹಿನೀರು ಉಪ್ಪುನೀರಿಗೆ ಸುರಿಯುವಾಗ ನಾನೂ ಮೇಸ್ತ್ರಿಯೂ ಬೇರೆ ಕಡೆ ತಿರುಗಿ ನಿಂತೆವು. ಐವತ್ತು ಲೀಟರು ಉಳಿಯಿತು. ನಾಲ್ಕು ಗಂಟೆಗೆ ಪರೀಕ್ಷಕರು ಹತ್ತಿದರು. ಸೀಲು ಒಡೆದಿಲ್ಲವೆಂದು ಕೇಳಿ, ಹಾಗಾದರೆ ಇದು ಹಳೆಯ ಓಟವೇ ಎಂದು ಗಡಿಯಾರ ನೋಡಿಕೊಂಡರು. ಮೇಸ್ತ್ರಿಯೂ ಬಂದರು. ಸ್ಟೂಲು ಕೊಟ್ಟರೆ ಬೇಡವೆಂದರು. ಎಂಜಿನ್ನಿನ ಮುಚ್ಚಳದ ಪಕ್ಕ, ಬೆನ್ನನ್ನು ಸಮುದ್ರಕ್ಕೆ ಮಾಡಿ ಕೂತು, ಎರಡೂ ಅಂಗೈಯನ್ನು ಮುಚ್ಚಳದ ಮೇಲಿಟ್ಟು ಕಣ್ಣು ಮುಚ್ಚಿದರು.

ಮೋನಪ್ಪ ಅಳಿವೆ ದಾಟಿಸಿ, ತೀರದಿಂದ ಬಹಳ ಆಚೆ ಗುರುತು ಕಟ್ಟಿದ್ದ ಜಾಗಕ್ಕೆ ಬೋಟನ್ನು ಪೂರ್ತಿ ವೇಗದಲ್ಲಿ ಒಯ್ದ. ಬೋಟು ಎದ್ದಿತು, ಕೂತಿತು, ಹಾರಿತು. ನಾನು ಸುತ್ತಿನ ಮುಳ್ಳನ್ನೇ ನೋಡುತ್ತಿದ್ದೆ. ಎರಡು ಸಾವಿರದ ಇನ್ನೂರ ಅರವತ್ತರಲ್ಲಿ ಒಂದು ಕ್ಷಣ ನಿಂತಂತಾಗಿ, ನಡುಗಿ, ಮುಂದಕ್ಕೆ ಹೋಗಿ, ಮುನ್ನೂರರ ಗೆರೆಯ ಮೇಲೆ ಬಂದು ಕೂತಿತು. ಮೇಸ್ತ್ರಿ ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಗಾಳಿಯಲ್ಲಿ ಏನೂ ಕೇಳಿಸಲಿಲ್ಲ, ಆದರೆ ಆ ತುಟಿಯನ್ನು ಅಣಕಿಸಿ ಅಣಕಿಸಿ ನನಗೆ ಬಾಯಿಪಾಠ. ರಾ ನಾಯನಾ, ರಾ ರಾ.

ಹೋಗುವ ಓಟ ಮೂವತ್ತಾರು ಪಾಯಿಂಟ್ ಮೂರು. ಬರುವಾಗ ಗಾಳಿ ಎದುರು. ಮೂವತ್ತೈದು ಪಾಯಿಂಟ್ ಒಂಬತ್ತು. ಪರೀಕ್ಷಕರು ಎರಡನ್ನೂ ಕೂಡಿ ಭಾಗಿಸಿದರು, ನಂಬಿಕೆಯಾಗದೆ ಇನ್ನೊಮ್ಮೆ ಭಾಗಿಸಿದರು. ಮೂವತ್ತಾರು ಪಾಯಿಂಟ್ ಒಂದು. ಹಾಳೆಯ ಕೆಳಗೆ ಸಹಿ ಹಾಕಿ ಮೇಡಂ ಕಡೆ ಚಾಚಿದರು. ಮೇಡಂ ಅದನ್ನು ಓದದೆಯೇ ಮಡಿಸಿ ಹಿಡಿದುಕೊಂಡು ಮೇಸ್ತ್ರಿಯನ್ನು ನೋಡಿದರು.

ಮೋನಪ್ಪ ಲಿವರ್ ಹಿಂದಕ್ಕೆಳೆದ. ಎಂಜಿನ್ನುಗಳು ಇಳಿದವು, ನಮ್ಮದೇ ನೊರೆ ಹಿಂದಿನಿಂದ ಬಂದು ನಮ್ಮನ್ನು ಎತ್ತಿ ಇಳಿಸಿತು. ಬಂತಂತೆ ಮೇಸ್ತ್ರಿ ಎಂದೆ. ಗೊತ್ತಾಯ್ತು ಎಂಬಂತೆ ತಲೆಯಾಡಿಸಿ, ಅಂಗೈ ಎತ್ತಿ, ಕಣ್ಣು ತೆರೆದು ತಿರುಗಿದರು.

ದಡ ಇರಲಿಲ್ಲ. ತೆಂಗಿನ ತೋಪು ಒಂದು ಎಳೆ ದಾರದಷ್ಟು ತೆಳುವಾಗಿ ಎಲ್ಲೋ ಇತ್ತು. ಉಳಿದದ್ದೆಲ್ಲ ನೀರು. ಮೇಸ್ತ್ರಿ ಕಂಬಿ ಹಿಡಿದು ಎದ್ದರು, ನಿಂತಲ್ಲೇ ನಿಧಾನವಾಗಿ ಪೂರ್ತಿ ಒಂದು ಸುತ್ತು ಬಂದರು. ಪಂಚೆ ಗಾಳಿಗೆ ಪಟಪಟ ಬಡಿಯುತ್ತಿತ್ತು. ಅವರ ಮುಖವನ್ನು ನಾನು ಎಷ್ಟೋ ಸಾವಿರ ಸಲ ಅಣಕಿಸಿದ್ದೇನೆ. ಆ ಮುಖ ಮಾತ್ರ ನನಗೆ ಬಾರದು.

"ಇಷ್ಟು ದೂರ ನಾವು ಯಾವಾಗ ಬಂದ್ವಪ್ಪ?"

ಅವರು ಬೋಟಿನ ಅಂಚಿಗೆ ಬಂದು, ಮೋನಪ್ಪನ ಪಕ್ಕದಲ್ಲಿ, ಸಮುದ್ರಕ್ಕೆ ಮುಖ ಮಾಡಿ ನಿಂತರು.

"ತಾಂಡೇಲರೇ, ಇನ್ನೊಂದ್ ಸಲ ಬಿಡ್ತೀರಾ? ಈ ಸಲ ಕಣ್ ಬಿಟ್ಕೊಂಡಿರ್ತೀನಿ."

ಮೋನಪ್ಪ ಮೇಡಂ ಕಡೆ ನೋಡಿದ, ಪರೀಕ್ಷಕರ ಕಡೆ ನೋಡಿದ. ಆಮೇಲೆ ಎರಡೂ ಲಿವರನ್ನು ಮುಂದಕ್ಕೆ ತಳ್ಳಿದ.